ಎಷ್ಟು ಗಂಟೆ ನಿಲ್ಲಿಸಬಹುದು?

ಮಾರ್ಚ್ 4, ಸೋಮವಾರ

ಇವತ್ತು ನಮ್ಮ ಇಲಾಖೆಯ ದೊಡ್ಡವಕೀಲರು ನನ್ನನ್ನು ತಮ್ಮ ಕೋಣೆಗೆ ಕರೆಸಿ, ಬಾಗಿಲು ಹಾಕಿಸಿ, ಕೂರಿಸಿ ಮಾತಾಡಿದರು. ಹನ್ನೆರಡು ವರ್ಷದ ನೌಕರಿಯಲ್ಲಿ ಆ ಕೋಣೆಯ ಕುರ್ಚಿಯಲ್ಲಿ ನಾನು ಕೂತದ್ದು ಇದೇ ಮೊದಲು. ಮೆತ್ತಗಿದೆ, ಆದರೆ ಒಂದು ಕಡೆ ವಾಲುತ್ತದೆ.

ಸರ್ಕಾರದ ಕಾನೂನು ಇಲಾಖೆಯಲ್ಲಿ ನನ್ನಂಥವರು ಹದಿನಾಲ್ಕು ಜನ ಇದ್ದೇವೆ. ನಾವು ಕೋರ್ಟಿಗೆ ಹೋಗಿ ವಾದ ಮಾಡುವ ವಕೀಲರಲ್ಲ. ಬೇರೆ ಇಲಾಖೆಯವರು 'ಹೀಗೆ ಮಾಡಬಹುದೇ' ಎಂದು ಕೇಳುತ್ತಾರೆ. ನಾವು 'ಮಾಡಬಹುದು' ಅಥವಾ 'ಕೂಡದು' ಎಂದು ಕಾರಣ ಸಮೇತ ಬರೆದು ಕೊಡುತ್ತೇವೆ. ಇಷ್ಟು ವರ್ಷ ನನ್ನ ಪಾಲಿಗೆ ಬಂದದ್ದೆಲ್ಲ ಬೀದಿದೀಪ, ಬೀದಿನಾಯಿ, ಕುಸಿದ ಕಾಂಪೌಂಡು. ಇವತ್ತು ಕೊಟ್ಟದ್ದು ಕೆಂಪು ಪಟ್ಟಿಯ ಕಡತ.

ವಿಷಯ ಇಷ್ಟೇ. ಎರಡು ತಿಂಗಳ ಹಿಂದೆ ಗೋದಾಮಿಗೆ ಬೆಂಕಿ ಬಿದ್ದು ಇಬ್ಬರು ಕಾವಲುಗಾರರು ಸತ್ತರಲ್ಲ, ಆ ಕೇಸಿನಲ್ಲಿ ಒಬ್ಬ ಲಾರಿ ಮೆಕ್ಯಾನಿಕ್‌ನನ್ನು ಹಿಡಿದಿಟ್ಟಿದ್ದಾರೆ. ಇನ್ನೂ ಎಲ್ಲೋ ಬೆಂಕಿ ಇಡುವ ಹೊಂಚು ನಡೆದಿದೆ ಎಂಬ ಅನುಮಾನ. ಆಸಾಮಿ ಬಾಯಿ ಬಿಡುತ್ತಿಲ್ಲ. ಅವನನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಬೇಕೆಂದಿದ್ದಾರಂತೆ. ಹೊಡೆಯುವುದಿಲ್ಲ, ಬಡಿಯುವುದಿಲ್ಲ, ಬರೀ ನಿಲ್ಲಿಸುವುದು. ಎಷ್ಟು ಗಂಟೆಯವರೆಗೆ ನಿಲ್ಲಿಸಿದರೆ ಅದು ಕಾನೂನು ಹೇಳುವ ಚಿತ್ರಹಿಂಸೆ ಆಗುವುದಿಲ್ಲ ಎಂದು ನಾನು ಬರೆದು ಸಹಿ ಹಾಕಬೇಕು.

ಗುಟ್ಟಿನ ಕೆಲಸ, ಮನೆಯಲ್ಲಿ ಹೇಳಬಾರದು ಎಂದರು. ಮನೆಗೆ ಬಂದವಳೇ ಅತ್ತೆಗೆ ಹೇಳಿಬಿಟ್ಟೆ. ಪೂರ್ತಿ ಅಲ್ಲ, ದೊಡ್ಡ ಕಡತ ಬಂದಿದೆ ಅಂತಷ್ಟೇ. ಅತ್ತೆಗೆ ಹಿಗ್ಗೋ ಹಿಗ್ಗು. ಪಕ್ಕದ ಮನೆಯವರಿಗೆ ಗೋಡೆಯ ಮೇಲಿಂದಲೇ ಸುದ್ದಿ ತಲುಪಿಸಿದರು.

ಮಾರ್ಚ್ 5, ಮಂಗಳವಾರ

ಬೆಳಿಗ್ಗೆ ಸರಿಯಾಗಿ ಹನ್ನೊಂದಕ್ಕೆ ಫೋನ್ ಬಂತು. ವಿಚಾರಣೆ ವಿಭಾಗದ ಅಧಿಕಾರಿ. ಬೆಣ್ಣೆ ಸವರಿದ ಹಾಗೆ ಮಾತಾಡುತ್ತಾರೆ. ಎಷ್ಟು ಗಂಟೆ ಅಂತ ಗೊತ್ತಾಯಿತಾ ಮೇಡಂ ಎಂದು ಕೇಳಿದರು. ನಿನ್ನೆ ತಾನೇ ಕಡತ ಬಂದಿದೆ ಮಹರಾಯರೇ ಎಂದೆ. ಅವಸರ ಇಲ್ಲ, ನಿಮ್ಮ ಕಾಗದ ಬರುವವರೆಗೂ ಅವನನ್ನು ಕೂರಿಸಿಯೇ ಇಟ್ಟಿರುತ್ತೇವೆ, ಕಾನೂನು ಮೀರಿ ನಾವು ಏನೂ ಮಾಡುವವರಲ್ಲ ಎಂದರು.

ಕಾನೂನು ಹೇಳುವುದು ಒಂದೇ ಮಾತು: 'ತೀವ್ರ ನೋವು' ಕೊಡಬಾರದು. ತೀವ್ರ ಎಂದರೆ ಎಷ್ಟು? ಇಡೀ ದಿನ ಅದರ ಹಿಂದೆಯೇ ಬಿದ್ದೆ. ಆಸ್ಪತ್ರೆ ನಿಯಮಾವಳಿಯಲ್ಲಿ 'ತೀವ್ರ ನೋವು ಇರುವ ರೋಗಿಯನ್ನು ದಾಖಲಿಸಿಕೊಳ್ಳತಕ್ಕದ್ದು' ಎಂದು ಸಿಕ್ಕಿತು. ಅಲ್ಲಿಗೆ, ಆಸ್ಪತ್ರೆಗೆ ಸೇರಿಸುವಷ್ಟು ಇಲ್ಲದ ನೋವು ತೀವ್ರ ಅಲ್ಲ. ಹೇಗಿದೆ ನನ್ನ ತಲೆ! ಖುಷಿಯಲ್ಲಿ ಎರಡು ಕಾಫಿ ಕುಡಿದೆ.

ಮಾರ್ಚ್ 7, ಗುರುವಾರ

ಹತ್ತು ಪ್ಯಾರಾ ಆಗಿತ್ತು, ಗಂಟೆಯ ಲೆಕ್ಕ ಮಾತ್ರ ಕೈಗೆ ಸಿಗುತ್ತಿರಲಿಲ್ಲ. ನಾಲ್ಕು ಎಂದರೆ ಯಾಕೆ ನಾಲ್ಕು, ಆರು ಎಂದರೆ ಯಾಕೆ ಆರು? ಬಸ್ಸಿನಲ್ಲಿ ಬರುತ್ತಾ ಇದ್ದಕ್ಕಿದ್ದ ಹಾಗೆ ಹೊಳೆಯಿತು. ನಮ್ಮತ್ತೆ!

ಅತ್ತೆ ಬಟ್ಟೆ ಅಂಗಡಿಯಲ್ಲಿ ಇಪ್ಪತ್ತೆಂಟು ವರ್ಷ ಮಾರಾಟದ ಕೆಲಸ ಮಾಡಿದವರು. ಅಲ್ಲಿ ಹೆಂಗಸರು ಕೂರುವ ಹಾಗಿರಲಿಲ್ಲ, ಗಿರಾಕಿ ಇಲ್ಲದಿದ್ದರೂ ನಿಂತೇ ಇರಬೇಕು. ದಿನಕ್ಕೆ ಹತ್ತು ಗಂಟೆ. ಹಾಗಿದ್ದರೆ ನಿಲ್ಲುವುದು ಹಿಂಸೆ ಹೇಗಾಗುತ್ತದೆ? ಆಫೀಸಿಗೆ ಬಂದವಳೇ ಬರೆದೆ: 'ಬಟ್ಟೆ ಅಂಗಡಿಗಳಲ್ಲಿ ದುಡಿಯುವ ಸಾಮಾನ್ಯ ಮಹಿಳೆಯರು ಪ್ರತಿದಿನ ಹತ್ತು ಗಂಟೆ ನಿಂತು ಆರೋಗ್ಯವಾಗಿರುವುದು ಎಲ್ಲರಿಗೂ ತಿಳಿದ ಸಂಗತಿ. ಆದ್ದರಿಂದ ಆರೋಗ್ಯವಂತ ಪುರುಷನನ್ನು ಎಂಟು ಗಂಟೆ ನಿಲ್ಲಿಸುವುದು ತೀವ್ರ ನೋವು ಎನಿಸಲಾರದು.' ಎರಡು ಗಂಟೆ ಕಡಿಮೆ ಮಾಡಿದ್ದು ನನ್ನ ಉದಾರತನ.

ದೊಡ್ಡವಕೀಲರು ಹನ್ನೊಂದನೇ ಪ್ಯಾರಾವನ್ನು ಎರಡು ಸಲ ಓದಿದರು. ಇಡೀ ಕಡತದ ಬೆನ್ನುಮೂಳೆ ಇದೇ ಎಂದರು. ಸೋಮವಾರ ಸಹಿ ಹಾಕಿ ಕೊಡಿ ಅಂದರು. ಕಿಟಕಿ ಪಕ್ಕದ ಮೇಜು ಖಾಲಿಯಾಗುತ್ತಿದೆಯಂತೆ, ಅದು ನನಗೇ ಅಂತೆ.

ಮಾರ್ಚ್ 8, ಶುಕ್ರವಾರ

ಹನ್ನೊಂದು ಗಂಟೆಯವರ ಫೋನ್. ಸೋಮವಾರ ಕೊಡ್ತೀನಿ ಅಂದೆ. ಥ್ಯಾಂಕ್ಸ್ ಮೇಡಂ ಅಂದರು. ಕಿಟಕಿಯ ಮೇಜಿಗೆ ಬಿಸಿಲು ಎಷ್ಟು ಹೊತ್ತಿಗೆ ಬರುತ್ತದೆ ಎಂದು ನೋಡಿಕೊಂಡು ಬಂದೆ. ಮೂರೂವರೆಗೆ.

ಮಾರ್ಚ್ 9, ಶನಿವಾರ

ಬಾಯಿ ಸುಮ್ಮನಿರಬೇಕಲ್ಲ. ಮಧ್ಯಾಹ್ನ ಅತ್ತೆಯ ಕಾಲಿಗೆ ಎಣ್ಣೆ ಹಚ್ಚುತ್ತಾ, ಸರ್ಕಾರದ ಕಾಗದದಲ್ಲಿ ನೀವೂ ಬಂದಿದ್ದೀರಿ ಎಂದುಬಿಟ್ಟೆ. ಅತ್ತೆ ಎದ್ದು ಕೂತರು. ಓದಿ ಹೇಳು ಅಂದರು. ಆಗುವುದಿಲ್ಲ, ಗುಟ್ಟಿನದು ಅಂದೆ. ನನ್ನ ವಿಷಯ ನನಗೇ ಗುಟ್ಟಾ ಎಂದು ಕೇಳಿದರು. ಚೀಲದಿಂದ ಕರಡು ತೆಗೆದು ಓದಿದೆ. ನನ್ನ ಗಂಡ ಅಲ್ಲೇ ಮೇಜಿನ ಮೇಲೆ ಯಾರದೋ ಕೈಗಡಿಯಾರ ಬಿಚ್ಚಿಕೊಂಡು ಕೂತಿದ್ದರು. ಅವರದು ಗಡಿಯಾರ ರಿಪೇರಿ ಕೆಲಸ. ಮಗಳು ಪುಟ್ಟಿ ನೆಲದ ಮೇಲೆ ಬಣ್ಣ ಹಚ್ಚುತ್ತಿದ್ದಳು. ಎಲ್ಲರೂ ಕೇಳಿದರು.

ಅತ್ತೆ ಹೊಗಳುತ್ತಾರೆ ಎಂದುಕೊಂಡಿದ್ದೆ. ಅವರು ಸುಮ್ಮನೆ ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ತಮ್ಮ ಕಾಲನ್ನೇ ನೋಡಿಕೊಂಡರು. ಹಸಿರು ನರ ಗಂಟು ಗಂಟಾಗಿ ಉಬ್ಬಿರುವ ಆ ಕಾಲಿಗೆ ನಾನೇ ವಾರಕ್ಕೆರಡು ಸಲ ಎಣ್ಣೆ ಹಚ್ಚುತ್ತೇನೆ. ಈಗಲೂ ನನ್ನ ಅಂಗೈ ಎಣ್ಣೆಯಾಗಿತ್ತು. 'ಆರೋಗ್ಯವಾಗಿರುವುದು' ಎಂದು ಬರೆಯುವಾಗ ಈ ಕಾಲು ನನಗೆ ಹೇಗೆ ನೆನಪಾಗಲಿಲ್ಲವೋ.

ಆಮೇಲೆ ಕೇಳಿದರು: "ಅವನಿಗೆ ಎಂಟು ಗಂಟೆ ಅಂತ ಹೇಳ್ತಾರಾ?"

ಹೇಳುವುದಿಲ್ಲ, ಹೇಳಿದರೆ ವಿಚಾರಣೆಗೆ ಏನು ಉಪಯೋಗ ಎಂದೆ.

"ಹಾಗಾದ್ರೆ ನನ್ನ ಲೆಕ್ಕ ಅಲ್ಲಿ ಹಾಕಬೇಡ ಕಣೇ. ನನಗೆ ಎಂಟೂವರೆಗೆ ಅಂಗಡಿ ಮುಚ್ತಾರೆ ಅಂತ ಗೊತ್ತಿತ್ತು. ಅದೊಂದು ಗೊತ್ತಿದ್ದಿದ್ದಕ್ಕೆ ಇಪ್ಪತ್ತೆಂಟು ವರ್ಷ ನಿಂತೆ."

ನನಗೆ ಸಿಟ್ಟು ಬಂತು. ಕಾನೂನು ಅಂದರೆ ಹಾಗಲ್ಲ ಅತ್ತೆ, ದೇಹದ ನೋವು ಎಷ್ಟು ಅನ್ನುವುದಷ್ಟೇ ಮುಖ್ಯ ಎಂದು ಜೋರಾಗಿಯೇ ವಾದಿಸಿದೆ. ಸರಿ, ನಾಳೆ ಭಾನುವಾರ, ನೀನು ನಿಲ್ಲು ನೋಡೋಣ ಅಂದರು. ಎಂಟು ಗಂಟೆಯಾ ಎಂದೆ. ಅದು ನನಗೆ ಬಿಟ್ಟದ್ದು ಅಂದರು. ನಾನು ಹಟಮಾರಿ. ಒಪ್ಪಿಕೊಂಡೆ.

ಮಾರ್ಚ್ 10, ಭಾನುವಾರ

ಕೈ ಬರೆಯುತ್ತಿದೆ, ಪಾದ ಇನ್ನೂ ಬಿಸಿನೀರಿನ ಬಕೆಟ್‌ನಲ್ಲಿದೆ.

ಶುರುವಿನಲ್ಲಿ ಮನೆಯೆಲ್ಲ ನಗೆಯೋ ನಗೆ. ಅತ್ತೆ ಹೇಳಿದ ಹಾಗೆ ಗಂಡ ಮನೆಯ ಗಡಿಯಾರಗಳನ್ನೆಲ್ಲ ತೆಗೆದರು. ರಿಪೇರಿಗೆ ಬಂದದ್ದೂ ಸೇರಿ ಹದಿನೇಳು. ಹಾಸಿಗೆಯ ಕೆಳಗೆ, ಅಕ್ಕಿ ಡಬ್ಬಿಯಲ್ಲಿ, ಸಿಕ್ಕಿದಲ್ಲಿ ಬಚ್ಚಿಟ್ಟರು. ಕಿಟಕಿಗೆ ಹೊದಿಕೆ ಕಟ್ಟಿದರು. ನಾನು ಹಜಾರದ ಗೋಡೆಗೆ ಮುಖ ಮಾಡಿ ನಿಂತೆ. ಪುಟ್ಟಿ ಬಂದು ನನ್ನ ಮೊಣಕಾಲಿನ ಹಿಂದೆ ಕಚಗುಳಿ ಇಟ್ಟಳು. ಸುಮ್ಮನೆ ನಿಂತಿದ್ದೀಯಲ್ಲ, ಬಟ್ಟೆ ಮಡಿಸಿಕೊಡು ಎಂದು ಗಂಡ ಒಗೆದ ಬಟ್ಟೆ ತಂದರು. ಕೆಲಸ ಕೊಟ್ಟರೆ ಹೊತ್ತು ಹೋಗುತ್ತದೆ, ಏನೂ ಕೊಡಬೇಡ ಎಂದು ಅತ್ತೆ ಅವರನ್ನು ಗದರಿ ಕಳಿಸಿದರು. ಆಮೇಲೆ ನನ್ನ ಹಿಂದೆ ಕೂತು ಹುರುಳಿಕಾಯಿ ನಾರು ತೆಗೆಯತೊಡಗಿದರು.

ಮೊದಲು ಹಿಮ್ಮಡಿ. ಆಮೇಲೆ ಸೊಂಟ. ಈ ಕಾಲಿನಿಂದ ಆ ಕಾಲಿಗೆ ಭಾರ ಹಾಕಿದೆ, ಆ ಕಾಲಿನಿಂದ ಈ ಕಾಲಿಗೆ. ಗೋಡೆಯ ಮೇಲೆ ಸುಣ್ಣ ಎದ್ದಿರುವ ಜಾಗವನ್ನು ಎಷ್ಟು ನೋಡಿದೆನೆಂದರೆ ಈಗ ಕಣ್ಣು ಮುಚ್ಚಿ ಬರೆದು ತೋರಿಸಬಲ್ಲೆ. ಅಕ್ಕಿ ಡಬ್ಬಿಯೊಳಗಿನ ಗಡಿಯಾರ ಟಿಕ್ ಟಿಕ್ ಅನ್ನುತ್ತಿತ್ತು. ಎಣಿಸೋಣ ಎಂದು ಹೊರಟೆ, ಆರುನೂರರ ಹತ್ತಿರ ತಪ್ಪಿತು. ಮತ್ತೆ ಮೊದಲಿನಿಂದ ಎಣಿಸಿದೆ, ಮತ್ತೆ ತಪ್ಪಿತು. ಆಗ ಕೇಳಿದೆ, ಎಷ್ಟು ಹೊತ್ತಾಯಿತು ಅತ್ತೆ?

ಉತ್ತರ ಇಲ್ಲ. ಹುರುಳಿಕಾಯಿ ಮುರಿಯುವ ಸದ್ದು ಮಾತ್ರ.

ಇನ್ನೊಂದು ಸಲ ಕೇಳಿದೆ. ಇನ್ನೂ ಎಷ್ಟು ಹೊತ್ತು ಅಂತಾದರೂ ಹೇಳಿ ಅಂದೆ. ಇಲ್ಲ. ಹದಿನಾಲ್ಕು ವರ್ಷದಿಂದ ಒಂದೇ ಮನೆಯಲ್ಲಿದ್ದೇವೆ, ನನಗೆ ಜ್ವರ ಬಂದಾಗ ರಾತ್ರಿಯೆಲ್ಲ ಎದ್ದಿದ್ದವರು, ಆ ಅತ್ತೆಯ ಮೇಲೆ ನನಗೆ ಇವತ್ತು ಹುಟ್ಟಿದ ದ್ವೇಷ ಬರೆಯುವ ಹಾಗಿಲ್ಲ. ನಾನು ಇಲ್ಲಿ ಇರುವುದೇ ಇವರಿಗೆ ಲೆಕ್ಕಕ್ಕಿಲ್ಲ ಅನ್ನಿಸಿಬಿಟ್ಟಿತು. ಆ ಹೊತ್ತಿನಲ್ಲಿ ಗೋದಾಮಿಗೆ ಬೆಂಕಿ ಇಟ್ಟದ್ದು ನೀನೇನಾ ಎಂದು ಕೇಳಿದ್ದರೆ ಹೌದು ಎನ್ನುತ್ತಿದ್ದೆ, ಬೆಂಕಿಪೊಟ್ಟಣ ಯಾವ ಅಂಗಡಿಯಲ್ಲಿ ಕೊಂಡೆ ಎಂದೂ ಹೇಳುತ್ತಿದ್ದೆ.

ಪುಟ್ಟಿಗೆ ನಗು ನಿಂತುಹೋಗಿತ್ತು. ಅಜ್ಜಿ, ಅಮ್ಮನಿಗೆ ಹೇಳು ಎಂದು ಅಳತೊಡಗಿದಳು. ನನಗೂ ಅಳು ಬಂತು. ಸಾಕು ಎಂದು ನೆಲದ ಮೇಲೆ ಕುಸಿದೆ. ಐದು ಗಂಟೆಯಾದರೂ ಆಗಿರಬೇಕು ಅಂದುಕೊಂಡೆ. ಗಂಡ ಅಕ್ಕಿ ಡಬ್ಬಿಯ ಗಡಿಯಾರ ತೆಗೆದು ತೋರಿಸಿದರು. ಎರಡು ಗಂಟೆ ಹತ್ತು ನಿಮಿಷ.

ಬಕೆಟ್‌ಗೆ ಬಿಸಿನೀರು ಹಾಕಿದ್ದು ಅತ್ತೆಯೇ. ನನ್ನ ಪಾದ ಒತ್ತುತ್ತಾ, ಉತ್ತರ ಕೊಡದೆ ಕೂರುವುದು ನನಗೂ ಆಗ್ತಿರಲಿಲ್ಲ ಕಣೇ, ಹುರುಳಿಕಾಯಿ ಇಲ್ಲದಿದ್ದರೆ ಹೇಳಿಬಿಡ್ತಿದ್ದೆ ಅಂದರು. ಒಂದು ಕಿಲೋ ಕಾಯಿಯನ್ನು ಸಾಸಿವೆ ಕಾಳಿನಷ್ಟು ಸಣ್ಣ ಮಾಡಿಟ್ಟಿದ್ದರು. ರಾತ್ರಿ ಅದನ್ನೇ ಚಮಚದಲ್ಲಿ ತಿಂದೆವು.

ಮಾರ್ಚ್ 11, ಸೋಮವಾರ

ಸಹಿ ಹಾಕಲಿಲ್ಲ. ಎರಡು ದಿನ ಟೈಮ್ ಕೇಳಿದೆ. ದೊಡ್ಡವಕೀಲರು ಬೈಯಲಿಲ್ಲ, ಅದೇ ಕಷ್ಟವಾಯಿತು. ಅವರು ಕೆಟ್ಟವರಲ್ಲ. ಸತ್ತ ಕಾವಲುಗಾರರ ಮನೆಗೆ ಹೋಗಿ ಬಂದವರು. ನಾಳೆ ಇನ್ನೊಂದು ಗೋದಾಮು ಸುಟ್ಟರೆ ಏನು ಮಾಡ್ತೀರಿ ಎಂದು ಕೇಳಿದರು. ನನಗೆ ಗೊತ್ತಿಲ್ಲ. ನೀವು ಬರೆಯದಿದ್ದರೆ ಇನ್ನೊಬ್ಬರು ಬರೆಯುತ್ತಾರೆ, ನೀವು ಎಂಟು ಅಂದಿದ್ದೀರಿ, ಅವರು ಇಪ್ಪತ್ತು ಅಂತಾರೆ, ಆಗ ಆ ಹನ್ನೆರಡು ಗಂಟೆ ಯಾರ ತಲೆಗೆ ಎಂದರು. ವಾಲುವ ಕುರ್ಚಿಯಲ್ಲಿ ಕೂತು ತಲೆ ತಗ್ಗಿಸಿದ್ದೆ.

ಹನ್ನೊಂದು ಗಂಟೆಯವರಿಗೆ ಇನ್ನೂ ಆಗಿಲ್ಲ ಅಂದೆ. ಮೆಕ್ಯಾನಿಕ್ ಏನು ಮಾಡುತ್ತಿದ್ದಾನೆ ಎಂದು ಕೇಳಿದೆ. ಕೂತಿದ್ದಾನೆ ಮೇಡಂ ಅಂದರು, ಸ್ವಲ್ಪ ಆಶ್ಚರ್ಯದಿಂದ.

ಮಾರ್ಚ್ 12, ಮಂಗಳವಾರ

ಏನೂ ಬರೆಯಲಿಲ್ಲ. ಪೆನ್ಸಿಲ್ ಚೂಪು ಮಾಡಿದೆ, ಎಂಟು.

ಮಾರ್ಚ್ 13, ಬುಧವಾರ

ಬರೆದೆ. ಹೊಸದಾಗಿ, ಮೊದಲಿನಿಂದ. ಹತ್ತು ಪ್ಯಾರಾಗಳ ಜಾಣತನವನ್ನೆಲ್ಲ ಕಿತ್ತು ಬಿಸಾಕಿದೆ. ಆಸ್ಪತ್ರೆ ನಿಯಮಾವಳಿ ಹೋಗುವಾಗ ಸ್ವಲ್ಪ ಹೊಟ್ಟೆ ಉರಿಯಿತು, ಚೆನ್ನಾಗಿತ್ತು ಅದು.

ಹನ್ನೊಂದನೇ ಪ್ಯಾರಾಕ್ಕೆ ಬಂದಾಗ ಸಂಜೆ ಮನೆಯಲ್ಲಿ ಅತ್ತೆಯನ್ನು ಕೇಳಿದೆ, ಈ ಸಲ ನಿಮ್ಮನ್ನು ಪೂರ್ತಿ ಬಿಟ್ಟುಬಿಡಲಾ ಎಂದು. ಅತ್ತೆಗೆ ಅವಮಾನವಾದಂತಾಯಿತು. ಹೋದ ಸಲ ಕೇಳದೆ ಹಾಕಿದೆ, ಈ ಸಲ ಕೇಳಿ ತೆಗೀತೀಯಾ ಎಂದರು. ಅವರೇ ಹೇಳಿದರು, ನಾನು ಪ್ರಮಾಣಪತ್ರದ ಹಾಗೆ ಬರೆದುಕೊಂಡೆ. ಎಷ್ಟು ವರ್ಷ ನಿಂತದ್ದು, ಕಾಲು ಏನಾಗಿದೆ, ಎರಡು ಸಲ ಆಪರೇಷನ್ ಆದದ್ದು. ಕೊನೆಯ ಸಾಲು ಅವರ ಬಾಯಿಂದ ಬಂದ ಹಾಗೆಯೇ: 'ಯಾವಾಗ ಬಿಡುತ್ತಾರೆ ಎಂದು ಗೊತ್ತಿಲ್ಲದೆ ನಿಂತಿದ್ದರೆ ನಾನು ಒಂದು ದಿನವೂ ನಿಲ್ಲುತ್ತಿರಲಿಲ್ಲ.' ನಾನು ನನ್ನ ಎರಡು ಗಂಟೆ ಹತ್ತು ನಿಮಿಷವನ್ನೂ ಸೇರಿಸಿದೆ. ಬೆಂಕಿಪೊಟ್ಟಣದ ವಿಷಯವನ್ನೂ. ಅತ್ತೆ ಕನ್ನಡಕ ಹಾಕಿಕೊಂಡು ಸಹಿ ಮಾಡಿದರು. ಸಹಿಯ ಕೆಳಗೆ ಗೆರೆ ಎಳೆದು ಎರಡು ಚುಕ್ಕೆ ಇಟ್ಟರು.

ಕೊನೆಗೆ ಬರೆದದ್ದು: 'ಒಂದು ಗಂಟೆಯೂ ಕೂಡದು.'

ಮಾರ್ಚ್ 14, ಗುರುವಾರ

ನಮ್ಮಲ್ಲಿ ಒಂದು ಪದ್ಧತಿ ಇದೆ. ಸಹಿಯಾದ ಅಭಿಪ್ರಾಯಕ್ಕೆ ದಾಖಲೆ ವಿಭಾಗದಲ್ಲಿ ನಂಬರ್ ಹಾಕಿ, ದಪ್ಪ ಸೂಜಿಯಲ್ಲಿ ಕಡತಕ್ಕೆ ಹೊಲಿಯುತ್ತಾರೆ. ಹೊಲಿದ ಮೇಲೆ ಬಿಚ್ಚುವ ಹಾಗಿಲ್ಲ. ಆಮೇಲೆ ಯಾರಾದರೂ ಅದಕ್ಕೆ ವಿರುದ್ಧ ಬರೆಯಬೇಕೆಂದರೆ ಹಳೆಯದರ ಮೇಲೆಯೇ ಹೊಲಿಸಬೇಕು, ಮತ್ತು ಪ್ರತಿ ಪ್ಯಾರಾಕ್ಕೂ ಉತ್ತರ ಕೊಡಬೇಕು. ಸಾಮಾನ್ಯವಾಗಿ ನಾವು ದೊಡ್ಡವಕೀಲರಿಗೆ ತೋರಿಸಿಯೇ ಹೊಲಿಗೆಗೆ ಕೊಡುವುದು. ತೋರಿಸಲೇಬೇಕೆಂದು ನಿಯಮದಲ್ಲಿ ಇಲ್ಲ. ಹನ್ನೆರಡು ವರ್ಷದಲ್ಲಿ ಮೊದಲ ಸಲ ನಿಯಮ ತೆಗೆದು ಓದಿ ನೋಡಿದೆ.

ದಾಖಲೆ ವಿಭಾಗದ ಹೊಲಿಗೆಯಕ್ಕ ಸೂಜಿಗೆ ದಾರ ಪೋಣಿಸಿದರು. ನಾಲ್ಕು ಹೊಲಿಗೆ, ಒಂದು ಗಂಟು. ಕಡತವನ್ನು ಎದೆಗವಚಿಕೊಂಡು ಮೇಲಕ್ಕೆ ಹೋದೆ.

ದೊಡ್ಡವಕೀಲರು ಓದಿ ಮುಗಿಸಲು ಬಹಳ ಹೊತ್ತು ತೆಗೆದುಕೊಂಡರು. ಗೋದಾಮಿನ ಪ್ರಶ್ನೆ ಮತ್ತೆ ಕೇಳಿದರು.

"ಬೆಂಕಿ ಹೇಗೆ ತಪ್ಪಿಸೋದು ಅಂತ ನನಗೆ ಗೊತ್ತಿಲ್ಲ ಸರ್. ಅವರು ಕೇಳಿರೋದು ಅದಲ್ಲ. ಇದು ಹಿಂಸೆನಾ ಅಂತ ಕೇಳಿದಾರೆ. ಅದು ನನಗೆ ಗೊತ್ತು."

"ಹೋಗಿ," ಎಂದರು. ಕಡತ ಅವರ ಕೈಯಲ್ಲೇ ಇತ್ತು.

ಮಾರ್ಚ್ 18, ಸೋಮವಾರ

ನನ್ನನ್ನು ನೆಲಮಾಳಿಗೆಯ ಚರಂಡಿ ವಿಭಾಗಕ್ಕೆ ಹಾಕಿದ್ದಾರೆ. ಕಿಟಕಿಯೇ ಇಲ್ಲ. ಮೊದಲ ಕಡತ: ಒಬ್ಬರ ಮನೆಯ ನೀರು ಇನ್ನೊಬ್ಬರ ಮನೆಯ ಸ್ನಾನದ ಕೋಣೆಯಲ್ಲಿ ಏಳುತ್ತಿದೆ. ನೀರು ಎತ್ತರಕ್ಕೆ ಹೋಗುವುದನ್ನು ಕಾನೂನು ನಿಷೇಧಿಸಿದೆಯೇ ಎಂದು ಕೇಳಿದ್ದಾರೆ. ಮಧ್ಯಾಹ್ನವೆಲ್ಲ ನಕ್ಕೆ.

ಕೆಂಪು ಪಟ್ಟಿಯ ಕಡತ 'ಎಕ್ಸ್‌ಪ್ರೆಸ್' ಪಾಲಿಗೆ ಹೋಗಿದೆ. ಅವರು ನನ್ನ ಎದುರು ಮೇಜಿನಲ್ಲಿದ್ದವರು. ಎಂಥದೇ ಕೇಸಾಗಲಿ ಒಂದೇ ದಿನದಲ್ಲಿ ಬರೆದು ಮುಗಿಸುತ್ತಾರೆಂದು ಆ ಹೆಸರು. ಇದನ್ನು ಕೇಳಿದ ಮೇಲೆ ನಗು ಬರಲಿಲ್ಲ. ಹನ್ನೊಂದಕ್ಕೆ ಫೋನಿನ ಕಡೆ ನೋಡಿದೆ. ಇನ್ನು ಯಾಕೆ ಬರುತ್ತದೆ, ಕಡತ ನನ್ನ ಹತ್ತಿರ ಇಲ್ಲವಲ್ಲ. ನಾನೇ ಮಾಡಿದೆ. ಕೂತಿದ್ದಾರಾ ಎಂದು ಕೇಳಿದೆ. ಕೂತಿದ್ದಾನೆ ಮೇಡಂ, ಹೊಸ ಕಾಗದಕ್ಕೆ ಕಾಯ್ತಾ ಇದ್ದೀವಿ ಅಂದರು.

ಮಾರ್ಚ್ 21, ಗುರುವಾರ

ಎಕ್ಸ್‌ಪ್ರೆಸ್ ಮೆಟ್ಟಿಲಿಳಿದು ನಮ್ಮ ನೆಲಮಾಳಿಗೆಗೆ ಬಂದಿದ್ದರು. ನಾಲ್ಕು ದಿನವಾದರೂ ಮುಗಿದಿಲ್ಲವಂತೆ. ಮೊದಲ ಹತ್ತು ಪ್ಯಾರಾಕ್ಕೆ ಹತ್ತು ನಿಮಿಷದಲ್ಲಿ ಉತ್ತರ ಬರೆದರಂತೆ, ಹನ್ನೊಂದನೆಯದರಲ್ಲಿ ಸಿಕ್ಕಿಹಾಕಿಕೊಂಡರಂತೆ. ನಿಮ್ಮತ್ತೆ ನಿಜವಾಗಿ ಇದ್ದಾರಾ, ಇಲ್ಲ ವಾದಕ್ಕೆ ಅಂತ ಹುಟ್ಟಿಸಿದಿರಾ ಎಂದು ಕೇಳಿದರು. ಇದ್ದಾರೆ, ಬೇಕಾದರೆ ಬಂದು ಅವರ ಕಾಲು ಪರೀಕ್ಷಿಸಿ, ಇಲ್ಲವೇ ಒಂದು ಭಾನುವಾರ ಬಂದು ನಮ್ಮ ಗೋಡೆಗೆ ಮುಖ ಮಾಡಿ ನಿಲ್ಲಿ, ಹುರುಳಿಕಾಯಿ ತಂದಿಡುತ್ತೇನೆ ಎಂದೆ.

ಅಲ್ಲೇ ನನ್ನ ಮೇಜಿನ ಎದುರು ಅರ್ಧ ಗಂಟೆ ಕೂತಿದ್ದರು. ಅವರ ತಾಯಿಯೂ ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಾ ನಿಂತವರಂತೆ. ಇಷ್ಟು ವರ್ಷ ಎದುರುಬದುರು ಕೂತಿದ್ದರೂ ನನಗೆ ತಿಳಿದಿರಲಿಲ್ಲ.

ಮಾರ್ಚ್ 25, ಸೋಮವಾರ

ಎಕ್ಸ್‌ಪ್ರೆಸ್‌ಗೆ ಬೆನ್ನುನೋವಂತೆ, ಹದಿನೈದು ದಿನ ರಜೆ. ಕಡತ ವಾಪಸ್ ಕೊಟ್ಟು ಹೋಗಿದ್ದಾರೆ. ಉಳಿದ ಹನ್ನೆರಡು ಜನರೂ ಹೇಗೋ ಮೊನ್ನೆಯಿಂದ ಬಹಳ ಬಿಜಿ. ದೊಡ್ಡವಕೀಲರು ಬೇಕಾದರೆ ತಾವೇ ಬರೆಯಬಹುದು. ಬರೆಯುತ್ತಾರೋ ಏನೋ. ಯಾವ ದಿನ ಯಾರು ಸಹಿ ಹಾಕುತ್ತಾರೋ ಎಂದು ಬೆಳಿಗ್ಗೆ ಎದ್ದ ಕೂಡಲೇ ಗಡಿಯಾರ ನೋಡುತ್ತೇನೆ. ಹನ್ನೊಂದಕ್ಕೆ ಫೋನ್ ಮಾಡಿದ ಮೇಲೆಯೇ ಬೇರೆ ಕೆಲಸ.

ಮನೆಗೆ ಹೋದರೆ ಅತ್ತೆ ಚಪ್ಪಲಿ ಬಿಡುವ ಮೊದಲೇ ಕೇಳುತ್ತಾರೆ, ಕೂತಿದ್ದಾರಂತಾ? ಹೌದು ಅಂದ ಮೇಲೆಯೇ ಕಾಫಿ.

ಮಾರ್ಚ್ 28, ಗುರುವಾರ

ಚರಂಡಿಯ ಕೇಸು ಮುಗಿಸಿದೆ. ಇಬ್ಬರೂ ಅಣ್ಣತಮ್ಮಂದಿರು, ಅದನ್ನೇ ಬರೆದಿರಲಿಲ್ಲ ಪುಣ್ಯಾತ್ಮರು.

ಹನ್ನೊಂದಕ್ಕೆ ಫೋನ್ ಮಾಡಿದೆ. ನಾನು ಕೇಳುವ ಮೊದಲೇ ಕೂತಿದ್ದಾರೆ ಮೇಡಂ ಎಂದರು. ಅವರೂ ಈಗ 'ಕೂತಿದ್ದಾನೆ' ಅನ್ನುವುದಿಲ್ಲ. ಬೆಳಿಗ್ಗೆ ತಿಂಡಿ ತಿಂದರು, ಠಾಣೆಯ ಜೀಪಿನ ಸದ್ದು ಕೇಳಿ ಒಳಗಿಂದಲೇ ಏನು ಕೆಟ್ಟಿದೆ ಅಂತ ಹೇಳಿದರು, ಅದೇ ಕೆಟ್ಟಿತ್ತು ಎಂದು ನಕ್ಕರು. ಬೇರೆ ಇನ್ನೇನಾದರೂ ಹೇಳಿದರಾ ಎಂದೆ. ಕೇಸಿನ ಬಗ್ಗೆ ಏನೂ ಇಲ್ಲ ಎಂದರು. ಆಮೇಲೆ ಯಾವತ್ತೂ ಇಲ್ಲದ ಸಣ್ಣ ದನಿಯಲ್ಲಿ ಮಾತಾಡಿದರು.

"ಮೇಡಂ, ಅವರೇ ಒಂದು ಕೇಳಿದಾರೆ. ದಿನಾ ಫೋನ್ ಮಾಡಿ ನನ್ನ ಬಗ್ಗೆ ಕೇಳ್ತಾರಲ್ಲ, ಅವರು ಯಾರು ಅಂತ. ಏನು ಹೇಳ್ಲಿ?"

ಸರ್ಕಾರಿ ವಕೀಲರು ಅನ್ನಲು ಹೊರಟವಳು ಅದನ್ನು ಬಿಟ್ಟೆ.

"ಬಟ್ಟೆ ಅಂಗಡಿಯಲ್ಲಿ ನಿಂತವರೊಬ್ಬರು ಅಂತ ಹೇಳಿ."

ಅವರು ಅದನ್ನು ಬರೆದುಕೊಂಡರು. ಪೆನ್ನಿನ ಸದ್ದು ಕೇಳಿಸಿತು.